ದಾಳಿಂಬೆಯ ಹಿಂದಿನ ಹಸಿರು ಬಟ್ಟಲು

ಕೂತ್ಕೊಳ್ಳೇ ಬೇಯಾ, ಕೂತ್ಕೊಂಡು ಕೇಳು... ಅಯ್ಯೋ, ಅಲ್ಲಿ ಬೇಡ, ಆ ಪರದೆ ಹತ್ತಿರ ಗಾಳಿ ಬರುತ್ತೆ. ಇಲ್ಲಿ ಬಾ, ಕಿಟಕಿ ಪಕ್ಕ, ಈ ಚಾಪೆ ಮೇಲೆ. ಹಾಂ, ಹಾಗೆ. ಕಾಲು ಚಾಚ್ಕೋ. ಗೋಡೆಗೆ ಗೋಡೆ ಅಂಟಿಕೊಂಡು ಮುದುಕಿಯರಾದೋರು ನಾವು, ಹೊಸ ನೆಂಟರ ಥರ ತುದೀಲಿ ಕೂತರೆ ಹೇಗೆ? ಚಹಾ ಆಗುತ್ತೆ, ಆಗುತ್ತೆ. ಅವಸರ ಯಾಕೆ, ಮೊದಲು ಮಾತು.

ನಿನ್ನೆ ಚೌಕದಲ್ಲಿ ನಿನ್ನ ನೋಡಿದೆ. ದಾಳಿಂಬೆ ಹಬ್ಬ ಅಂತ ಗೋಡೆ ತುಂಬ ಫೋಟೋ ತೂಗುಹಾಕಿದಾರಲ್ಲ, ಅಲ್ಲಿ. ನಮ್ಮ ಇನ್ಸಾಫ್ ತೆಗೆದ ಫೋಟೋ ಮುಂದೆ ನಿಂತವಳು ನಿಂತೇ ಇದ್ದೆ. ಬಂದು ಮಾತಾಡಿಸೋಣ ಅಂದ್ಕೊಂಡೆ. ಮಂಡಿ ನೋವು... ಜನ ಬೇರೆ... ಬರಲಿಲ್ಲ ಬಿಡು.

ಚೆನ್ನಾಗಿದೆ ಅಲ್ವಾ? ಮೊಮ್ಮಗಳು ಅಂತ ಹೊಗಳ್ತಿಲ್ಲ ನಾನು... ಯಾಕೆ ನಗ್ತೀಯ? ಸರಿ, ಮೊಮ್ಮಗಳು ಅಂತಲೇ ಹೊಗಳ್ತಿದೀನಿ, ಏನೀಗ!

ಅದನ್ನ ಹೇಗೆ ತೆಗೆದ್ಲು ಅಂತ ಕೇಳು. ಇದೇ ಕೋಣೆ, ಇದೇ ಕಿಟಕಿ. ಯುವಕರ ಸಂಘದಿಂದ ಕ್ಯಾಮೆರಾ ಕೇಳಿ ತಂದಿದ್ಲು. ಗೋಡೆಗೆ ನನ್ನ ಕಪ್ಪು ಶಾಲು ತೂಗುಹಾಕಿದ್ಲು, ಅದರ ಮುಂದೆ ಮೇಜು, ಮೇಜಿನ ಮೇಲೆ ಒಂದು ದಾಳಿಂಬೆ. ಕಿಟಕಿ ಬಾಗಿಲೆಲ್ಲ ಮುಚ್ಚಿಬಿಟ್ಲು. ಕತ್ತಲೆ ಕತ್ತಲೆಯಾಗಿರೋ ಫೋಟೋ ಬೇಕಂತೆ, ಹಳೇ ಕಾಲದ ಚಿತ್ರದ ಹಾಗೆ. ತೆಗೆದ್ಲು. ನೋಡಿದ್ರೆ ಕಪ್ಪಿನ ಮೇಲೆ ಕಪ್ಪು! ದಾಳಿಂಬೆ ಅನ್ನೋದು ಒಲೆಯಿಂದ ಉರುಳಿಬಿದ್ದ ಇದ್ದಿಲು. ‘ಇದೇನೇ, ಇದ್ದಿಲು ವ್ಯಾಪಾರಕ್ಕೆ ಇಳಿದ್ಯಾ?’ ಅಂದೆ.

‘ಅಜ್ಜಿ, ಬಾಯಿ ಮುಚ್ಕೊಂಡಿರು. ಕತ್ತಲೆ ಫೋಟೋಗೂ ಬೆಳಕು ಬೇಕು, ಆದ್ರೆ ಒಂದೇ ಕಡೆಯಿಂದ.’ ಹಾಗಂದು ಈ ಕಿಟಕಿ ಬಾಗಿಲನ್ನ ಇಷ್ಟೇ ಇಷ್ಟು ಸರಿಸಿದ್ಲು. ಮೇಜನ್ನ ಗೋಡೆಯಿಂದ ಈಚೆ ಎಳೆದ್ಲು, ಬೆಳಕು ಶಾಲಿನ ಮೇಲೆ ಬೀಳಬಾರದು, ಹಣ್ಣಿನ ಮೇಲೆ ಮಾತ್ರ ಬೀಳಬೇಕು ಅಂತ. ಅದೂ ಎದುರಿನಿಂದ ಬಿದ್ರೆ ಹಣ್ಣು ರೊಟ್ಟಿ ಥರ ಚಪ್ಪಟೆ ಕಾಣುತ್ತಂತೆ. ಪಕ್ಕದಿಂದ, ಒಂಚೂರು ಹಿಂದಿನಿಂದ ಬರಬೇಕಂತೆ. ಆಗ ದುಂಡಗೆ ಕಂಡಿತು ನೋಡು! ಆದ್ರೆ ಈಚೆ ಮಗ್ಗುಲು ಪೂರ್ತಿ ಮುಳುಗಿಹೋಯ್ತು. ಅದಕ್ಕೆ ನಾನು ಹೊದ್ದುಕೊಳ್ಳೋ ಬಿಳೀ ಸೆಫ್ಸಾರಿ ಬಿಚ್ಚಿಸಿ, ಕಿಟಕಿ ಬೆಳಕಿಗೆ ಎದುರಾಗಿ ನನ್ನ ಕೈಲೇ ಹಿಡಿಸಿದ್ಲು. ‘ಹತ್ತಿರ ಬಾ ಅಜ್ಜಿ... ಅಯ್ಯೋ, ಅಷ್ಟು ಬೇಡ, ಕತ್ತಲೆಯೆಲ್ಲ ಓಡಿಹೋಯ್ತು! ಹಿಂದೆ ಹೋಗು... ಇನ್ನೊಂಚೂರು... ಹಾಂ, ಉಸಿರಾಡಬೇಡ!’ ಬಟ್ಟೆ ಒಣಗಿಸೋ ಹಗ್ಗದ ಹಾಗೆ ನಿಂತಿದ್ದೆ ಕಣೇ. ಮೂಗು ಬೇರೆ ಕೆರೀತಿತ್ತು.

‘ಒಂದು ಹನಿ ಎಣ್ಣೆ ಸವರಿದ್ರೆ ಸಿಪ್ಪೆ ಹೊಳೆಯುತ್ತೆ’ ಅಂದ್ಲು. ನಾನು ನೀರು ಸವರಿದೆ. ನೀರೂ ಹೊಳೆಯುತ್ತೆ!... ಏನು ಹಾಗೆ ನೋಡ್ತೀಯ? ಎಣ್ಣೆ ಇತ್ತು. ಆಲಿವ್ ಮರಗಳ ನಡುವೆ ಇರೋರಿಗೆ ಎಣ್ಣೆ ಇರಲ್ವಾ? ಫೋಟೋಗೆ ಯಾಕೆ ದಂಡ ಅಂತ... ಅಷ್ಟೇ.

ಪಕ್ಕದಲ್ಲಿ ಹಳದಿ ಸಫರ್ಜಲ್ ಹಣ್ಣಿನ ರಾಶಿ ನೋಡಿದ್ಯಲ್ಲ, ಅದರ ಗುಟ್ಟು ಹೇಳ್ತೀನಿ, ಯಾರಿಗೂ ಹೇಳಬೇಡ. ರಾಶಿಯೂ ಇಲ್ಲ, ಏನೂ ಇಲ್ಲ. ಮೂರೇ ಹಣ್ಣು. ಹಣ್ಣಿನ ಅಂಗಡಿ ಹಮ್ಮಾದಿ ಹತ್ತಿರ, ಸಂಜೆ ವಾಪಸ್ ಕೊಡ್ತೀವಿ ಅಂತ ತಂದಿದ್ದು. ಮಡಕೆ ಬೋರಲು ಹಾಕಿ, ಬಟ್ಟೆ ಮುಚ್ಚಿ, ಅದರ ಮೇಲೆ ಕೂರಿಸಿದ್ಲು. ‘ಈ ಮೂರರ ಮೇಲೆ ಬೆಳಕು ಬಿದ್ರೆ ಸಾಕು ಅಜ್ಜಿ, ಹಿಂದೆ ಕತ್ತಲೇಲಿ ಇನ್ನೂ ಬುಟ್ಟಿ ತುಂಬ ಇದೆ ಅಂತ ನೋಡೋರೇ ತುಂಬ್ಕೋತಾರೆ’ ಅಂದ್ಲು. ಅವಳು ಫೋಟೋ ವಿಷಯ ಹೇಳಿದ್ದು, ಪಾಪ. ನನಗೆ ಮಾತ್ರ... ಮುಖ ಎಲ್ಲಿಡಲಿ ಅನ್ನಿಸಿಬಿಡ್ತು. ಸೆಫ್ಸಾರಿ ಹಿಂದೆ ನಿಂತಿದ್ದೆನಲ್ಲ, ಸದ್ಯ, ಅವಳಿಗೆ ಕಾಣಲಿಲ್ಲ.

ಯಾಕೆ ಅಂತ ಕೇಳಬೇಡ. ಎಲ್ಲಿದ್ದೆ? ಹಾಂ, ಅಂಚು! ಇಷ್ಟೆಲ್ಲ ಮಾಡಿದ್ರೂ ದಾಳಿಂಬೆಯ ಆಚೆ ಅಂಚು ಆ ಕಪ್ಪು ಶಾಲಿನೊಳಗೆ ಕರಗಿಹೋಗ್ತಿತ್ತು. ‘ಹಿಂದೆ ಏನಾದ್ರೂ ಹೊಳೆಯೋದು ಬೇಕು ಅಜ್ಜಿ, ಅದರ ಎದುರು ಹಣ್ಣು ಎದ್ದು ಕಾಣಬೇಕು’ ಅಂದ್ಲು. ಮನೆಯೆಲ್ಲ ತಡಕಾಡಿದೆ. ಹೊಳೆಯೋದು ಅಂದ್ರೆ... ಗೋಡೆ ಯಾಕೆ ನೋಡ್ತೀಯ? ಬರೀ ಮೊಳೆ ಇದೆ, ಗೊತ್ತು. ತಾಮ್ರದ ಹರಿವಾಣಗಳನ್ನ ಕಲಾಯಿಗೆ ಕೊಟ್ಟಿದೀನಿ. ಹೂಂ ಕಣೇ, ರಂಜಾನ್ ಮುಂಚೆ ಕಲಾಯಿ ಹಾಕಿಸೋದು, ನನಗೂ ಗೊತ್ತು! ಈ ಸಲ ಮೊದಲೇ ಕೊಟ್ಟೆ. ಕೊಡಬಾರದಾ?

ಆಗ ಆ ಬಟ್ಟಲು ತಂದೆ. ನನ್ನ ಕೈಯಾರೆ ನಾನೇ ತಂದೆ. ಯಾರ ಕಣ್ಣಿಗೂ ಬೀಳಬಾರದು ಅಂತ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದನ್ನ, ಮೊಮ್ಮಗಳು ಬೇಕು ಅಂದ ತಕ್ಷಣ, ಬುದ್ಧಿಯೇ ಓಡಲಿಲ್ಲ ನೋಡು, ಸೆಫ್ಸಾರಿ ಅಂಚಲ್ಲಿ ಒರೆಸಿ ತಂದು ಇಟ್ಟೆ. ಆ ಹಸಿರು ಮೆರುಗಿಗೆ ಬೆಳಕು ತಾಗಿತು. ದಾಳಿಂಬೆ ಒಂದು ಹೆಜ್ಜೆ ಮುಂದೆ ಬಂದ ಹಾಗೆ ಎದ್ದು ನಿಂತಿತು. ‘ಬಂತು ಅಜ್ಜಿ, ಬಂತು!’ ಅಂತ ಕುಣಿದ್ಲು ಹುಡುಗಿ. ನಾನೂ ಕುಣಿದೆ. ಊರ ಚೌಕದಲ್ಲಿ ಬಾಗಿಲಷ್ಟು ಎತ್ತರ ಮಾಡಿ ತೂಗುಹಾಕ್ತಾರೆ ಅಂತ ನನಗೇನು ಗೊತ್ತು?

ಆ ಚಾಪೆ ಎಳೆ ಕೀಳಬೇಡ ಬೇಯಾ.

ಸರಿ. ನಿನ್ನ ಬಟ್ಟಲು ಅದು. ನಿನ್ನ ಮದುವೇದು. ಪ್ರವಾದಿ ಹುಟ್ಟಿದ ಮೂಲೂದ್ ಹಬ್ಬದ ದಿನ ಪೈನ್ ಬೀಜ ಅರೆದು ಸಿಹಿ ಅಸೀದಾ ಮಾಡಿ, ಮೇಲೆ ಬಾದಾಮೀಲಿ ನಕ್ಷತ್ರ ಬಿಡಿಸಿ ಕಳಿಸಿದ್ದೆ. ಇನ್ಸಾಫ್ ಬೆರಳು ನೆಕ್ಕಿ ನೆಕ್ಕಿ ತಿಂದ್ಲು. ನಮ್ಮ ಓಣೀಲಿ ಯಾರ ಬಟ್ಟಲೂ ಬರಿದಾಗಿ ತಿರುಗಿ ಹೋಗಿದ್ದಿಲ್ಲ. ಎಲ್ಲರ ಮನೆಯಿಂದಲೂ ಎಲ್ಲರ ಮನೆಗೂ ಹೋಯ್ತು ಆವತ್ತು. ನನ್ನ ಮನೆಯಿಂದ ಹೋಗಲಿಲ್ಲ. ಹಮಾಮಿನಲ್ಲಿ ಹೆಂಗಸರು ಮೈ ಉಜ್ಜಿಕೊಳ್ತಾ ಏನಂತಿದಾರೆ ನನಗೆ ಗೊತ್ತಿಲ್ವಾ? ‘ಮನ್ನೂಬಿಯಾ ಬೇಯಾಳ ಬಟ್ಟಲು ನುಂಗಿದ್ದಲ್ದೆ, ಊರ ಗೋಡೆ ಮೇಲೆ ಮೆರೆಸಿದಾಳೆ!’

ಹೌದು, ನುಂಗಿದೆ. ಚೆನ್ನಾಗಿತ್ತು, ಆಸೆ ಆಯ್ತು, ಇಟ್ಕೊಂಡೆ. ಕಳ್ಳಿ ಅನ್ನು. ಬೈ... ಬೈಯೇ! ನಿನ್ನ ಬಾಯಿ ನನಗೆ ಹೊಸದಾ? ತಕ್ಕಡೀಲಿ ಮೋಸ ಮಾಡಿದ ಅಂತ ಹಮ್ಮಾದಿಯ ತಾತ ಮುತ್ತಾತನವರೆಗೂ ನೀರಿಳಿಸಿದವಳು ನೀನು. ನನಗೆ ಒಂದೇ ಒಂದು ಮಾತು, ಕಳ್ಳಿ ಅಂತ, ಅಂದುಬಿಡು. ಮುಗೀತು. ನಿನ್ನ ಪಾಡಿಗೆ ನೀನು ಹೋಗ್ತೀಯ, ನಾನು ಬಾಗಿಲು ಹಾಕ್ಕೋತೀನಿ...

ಎದ್ದೆ ಯಾಕೆ? ಬಾಗಿಲು ಈ ಕಡೆ. ಬೇಯಾ... ಆ ಪರದೆ ಹತ್ತಿರ ಏನು ಕೆಲಸ ನಿನಗೆ? ಅದು ಉಗ್ರಾಣ ಅಂತ ಗೊತ್ತಿಲ್ವಾ? ಪ್ರತಿ ಬೇಸಿಗೇಲಿ ನೀವೆಲ್ಲ ಬಂದು, ನಮ್ಮ ಮಾಳಿಗೆ ಮೇಲೆ ಹಾಡು ಹೇಳ್ಕೊಂಡು ರವೆ ಉಜ್ಜಿ ಕುಸ್ಕುಸ್ ಮಾಡಿ, ಒಣಗಿಸಿ, ನೀನೇ ಇಲ್ಲಿ ತುಂಬಿಡ್ತಿದ್ದೆ. ಈ ವರ್ಷ ತೋಳು ನೋವು ಅಂತ ಯಾರನ್ನೂ ಕರೀಲಿಲ್ಲ. ಹೇಳಿದ್ನಲ್ಲ ಆಗಲೇ! ಮಗ ಲಝ್ಹರೇ ಅಂಗಡಿಯಿಂದ ಚೀಲಗಟ್ಟಲೆ ತಂದ... ಮುಟ್ಟಬೇಡ! ಒಳಗೆ ಕತ್ತಲೆ, ನಿನಗೇನೂ ಕಾಣಲ್ಲ...

ಎತ್ತಿಯೇಬಿಟ್ಟೆ.

ಕತ್ತಲೆಗೆ ಹಾಗೆ ಕಾಣ್ತಿರೋದು ಅಂದ್ಕೋಬೇಡ ಬೇಯಾ. ಖಾಲಿ.

ತಿರುಗಿ ನೋಡಬೇಡ ನನ್ನ. ಅಲ್ಲೇ ಆ ಕಡೆ ಮುಖ ಮಾಡ್ಕೊಂಡೇ ಇರು. ಕಳ್ಳಿ ಅನ್ನಿಸ್ಕೊಂಡು ಹಮಾಮಿಗೆ ಹೋಗಬಲ್ಲೆ ನಾನು. ಇದನ್ನ ನೀನು ನೋಡಿದ ಮೇಲೆ... ಅಸೀದಾಗೆ ಬದಲು ಏನು ಹಾಕಿ ಕಳಿಸಲಿ, ಹೇಳು? ಒಂದು ಹಿಡಿ ಖರ್ಜೂರ ಹಾಕಿದ್ರೂ ಆಗ್ತಿತ್ತು ಅಂತೀಯ. ಆ ಒಂದು ಹಿಡಿ...

ಸರಿ, ನೋಡಿದ್ಯಲ್ಲ. ಇನ್ನು ಯಾರ್ಯಾರದು ಏನೇನಾಯ್ತು ಅಂತ ನನ್ನ ಬಾಯಿಂದಲೇ ಕೇಳ್ಕೊಂಡು ಹೋಗು. ತಾಮ್ರ ಯಾವ ಕಲಾಯಿಯವನ ಹತ್ತಿರಾನೂ ಇಲ್ಲ, ತೂನಿಸ್ ಪಟ್ಟಣದಲ್ಲಿ ಯಾರದೋ ಅಂಗಡಿ ಸೇರಿದೆ. ಹಮ್ಮಾದಿಯ ಹಣ್ಣು ಒಂದು ಗೀರೂ ಬೀಳದೆ ಅವನ ಬುಟ್ಟಿಗೆ ವಾಪಸ್ ಹೋಯ್ತು. ದಾಳಿಂಬೆ ಬೇಲಿಯಾಚೆ ಬಿದ್ದಿದ್ದು, ಒಂದು ಮಗ್ಗುಲು ಕೊಳೆತಿತ್ತು. ಕೊಳೆತದ್ದನ್ನ ಕೆರೆದು ಹಾಕಿ, ಮೂವರೂ ಹಂಚ್ಕೊಂಡು ರೊಟ್ಟಿ ಜೊತೆ ತಿಂದ್ವಿ.

ನನ್ನ ಮಗ ಲಝ್ಹರ್. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ನಿನಗೆ ಸಲಾಂ ಹೇಳಿ, ಪಕ್ಕದೂರಿನ ಹೆಂಚಿನ ಭಟ್ಟಿಗೆ ಹೊರಡ್ತಾನಲ್ಲ? ಭಟ್ಟಿಯವರು ಅವನನ್ನ ಕೆಲಸದಿಂದ ಬಿಡಿಸಿದ್ದು ಚಳಿಗಾಲದಲ್ಲೇ. ಮೆಜೆರ್ದಾ ಹೊಳೆ ದಂಡೇಲಿ, ಸೇತುವೆ ನೆರಳಲ್ಲಿ ಕೂತಿರ್ತಾನೆ. ಸಂಜೆ ಬಂದು ‘ಸುಸ್ತಮ್ಮಾ’ ಅಂತಾನೆ. ‘ಪಾಪ, ಎಷ್ಟು ದುಡೀತೀಯೋ’ ಅಂತೀನಿ.

ಇನ್ಸಾಫ್‌ಳನ್ನ ಸಂಘದವರು ತೂನಿಸ್‌ಗೆ ಕಳಿಸ್ತಾರೆ, ಫೋಟೋ ಕೆಲಸ ಕಲಿಯೋಕೆ. ಊಟ ವಸತಿ ಅಲ್ಲೇ. ಭಾನುವಾರ ಹೊರಡ್ತಾಳೆ. ತಾಯಿಯಿಲ್ಲದ ಮಗು, ನನ್ನ ಮಡಿಲಲ್ಲಿ ಬೆಳೆದದ್ದು. ‘ಹೋಗಲಾ ಅಜ್ಜಿ?’ ಅಂತ ಕೇಳಿದಾಗ ನನಗೆ ಅಳು ಬರಬೇಕಿತ್ತು ಬೇಯಾ. ಮನಸ್ಸಿಗೆ ಮೊದಲು ಬಂದದ್ದು, ಒಂದು ತಟ್ಟೆ ಕಡಿಮೆಯಾಯ್ತು ಅಂತ.

ಮತ್ತೆ ನಾನು... ನಾನು ಇಲ್ಲೇ. ತಿರುಗು, ತಿರುಗು, ಪರವಾಗಿಲ್ಲ ಈಗ. ಇದೋ ನಿನ್ನ ಬಟ್ಟಲು. ದಿನಾ ತೊಳೆದಿಟ್ಟಿದೀನಿ, ನಾಳೆ ಏನಾದ್ರೂ ಹಾಕಿ ಕೊಡೋಣ ಅಂತ. ಬರಿದಾಗಿಯೇ ಕೊಡ್ತಿದೀನಿ.

ಕೈ ಚಾಚೇ ಬೇಯಾ. ಎಷ್ಟು ಹೊತ್ತು ಹೀಗೆ ಹಿಡ್ಕೊಂಡು ನಿಂತಿರಲಿ?