ಸೀತವ್ವನ ಮ್ಯಾಲೆ ಕಟ್ಟಿದ ಕತಿ

ರಾತ್ರಿ ಒಂದು ದಾಟಿತ್ತು. ನಮ್ಮ ಚಿಗವ್ವನ ಮಗ ಕಲ್ಮೇಶ ಪ್ರವಾಸಕ್ಕ ಬಂದ ಮಂದೀನ ಕಿತ್ತೂರಿನ ತನಕ ಮುಟ್ಟಿಸಿ, ಸಿಕ್ಕ ಲಾರಿ ಹತ್ತಿ ದೇಗಾಂವ ಕ್ರಾಸಿನ್ಯಾಗ ಇಳದು, ಊರ ಕಡೆ ಒಬ್ಬನ ನಡಕೋತ ಹೊಂಟಿದ್ದ. ಎರಡು ಸಾವಿರದ ಆರನೇ ಇಸವಿ, ಬ್ಯಾಸಗಿ. ಊರ ಹೊರಗ ಆಲದಮರ, ಅದರ ಬುಡಕ ದೊಡ್ಡಬಾವಿ. ಸಣ್ಣವನಿದ್ದಾಗಿಂದ ತಿರಗ್ಯಾಡಿದ ದಾರಿ... ಹೆದರೂದೇನಿತ್ತು?

ಬಾವಿ ಹತ್ರ ಬಂದಾಗ ಕೇಳಿಸ್ತು. ಖಾಲಿ ಕೊಡ ಕಲ್ಲಿಗೆ ತಾಗಿದಂಗ. ಟಣ್... ಸ್ವಲ್ಪ ಹೊತ್ತು ಏನಿಲ್ಲ. ಮತ್ತ... ಟಣ್.

ತಡೀರಿ. ಅಲ್ಲಿ ಏನಾತು ಅನ್ನೂಕಿಂತ ಮೊದಲ ಒಂದ್ ಮಾತು ಹೇಳಬೇಕು. ಹೇಳಾಕ ನಾಚಿಕಿ ಬರತೈತಿ.

ನಮ್ಮೂರಾಗ ಹಳ್ಳಿ ಪ್ರವಾಸ ಶುರು ಮಾಡಿದವನ ಕಲ್ಮೇಶ. ಕಿತ್ತೂರ ಕೋಟಿ, ದೇಗಾಂವದ ಗುಡಿ ನೋಡಾಕ ಬಂದವರು ನಮ್ಮೂರಿಗೂ ಬರಬೇಕು, ಬಿಸಿ ರೊಟ್ಟಿ ಉಣ್ಣಬೇಕು, ಚಕ್ಕಡಿ ಹತ್ತಬೇಕು, ಬೇಕಾದ್ರ ಅಂಗಳದಾಗ ಮಲಗಬೇಕು. ಕೆಟ್ಟ ಕೆಲಸೇನಲ್ಲ. ಕೌದಿ ಹೊಲಿಯೋ ಮುದುಕ್ಯಾರಿಗೆ ಗಿರಾಕಿ ಸಿಕ್ರು. ಕಬ್ಬು ಕಡಿಯಾಕ ದೇಶಾಂತರ ಹೋಗತಿದ್ದ ಎರಡು ಮನಿಯವರು ಆ ವರ್ಷ ಊರಾಗ ಉಳದ್ರು. "ಊರು ಕೆಡಬಾರದು, ಊರ ಮಂದಿನೂ ಬದುಕಬೇಕು" ಅಂತ ಕಂಡಕಂಡವರಿಗೆ ಹೇಳತಿದ್ದ.

ಒಮ್ಮೆ ಯಾರೋ ಊಟಾದ ಮ್ಯಾಲೆ ಕೇಳಿದ್ರು, "ನಿಮ್ಮೂರಾಗ ದೆವ್ವ ಇಲ್ಲೇನ್ರಿ?" ಇಂವ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಸೀತವ್ವನ ಹೆಸರ ತಗದ.

ಸೀತವ್ವ ಕೆಳಗಿನ ಕೇರಿಯಾಕಿ. ಹದಿಮೂರು ವರ್ಷದ ಹಿಂದ ಆ ಬಾವ್ಯಾಗ ಬಿದ್ದು ಸತ್ತಿದ್ಲು. ಕಲ್ಮೇಶ ಏನ್ ಕಟ್ಟಿದ ಅಂದ್ರ, ಆಕಿಗೊಬ್ಬ ಗೆಣೆಯಾ ಇದ್ದ, ಅಂವ ಕೈ ಬಿಟ್ಟ, ಆಕಿ ಹಾರಿಕೊಂಡ್ಲು, ಅಮಾಸಿಗೊಮ್ಮೆ ಅಂವನ್ನ ಹುಡಕ್ಕೋತ ಬರತಾಳ. ಮಂದಿ ಮುದುಡಿ ಕುಂತು ಕೇಳತಿದ್ರು. ನಾನೂ ಅಲ್ಲೇ ಕುಂತು ನಕ್ಕೇನಿ.

ಖರೇ ಏನಂದ್ರ ಆಕಿ ಹಾರಿದ್ದಿಲ್ಲ. ಆ ವರ್ಷ ಕೇರಿ ಬೋರಿಂಗ್ ಕೆಟ್ಟಿತ್ತು. ಕೇರಿಯವರು ಬಾವಿ ಹಗ್ಗ ಮುಟ್ಟಂಗಿದ್ದಿಲ್ಲ. ಯಾರರ ಸೇದಿ ಹಾಕೂತನಕ ದೂರ ನಿಂತು ಕಾಯಬೇಕು. ಸೀತವ್ವ ಅವತ್ತು ಕತ್ತಲಾಗೂತನಕ ನಿಂತ್ಲು. ಎಲ್ಲಾರದೂ ಆದ ಮ್ಯಾಲೆ ಕಡೀಗೆ ತನಗ ನೀರು ಸೇದಿಕೊಂಡಾಕಿ ಕಲ್ಮೇಶನ ಅವ್ವ ರಾಚವ್ವ. "ನಾಳೆ ಬಾ" ಅಂದು ಮನಿಗೆ ಬಂದ್ಲು. ಸೀತವ್ವ ನಡುರಾತ್ರ್ಯಾಗ ತಾನ ಸೇದಾಕ ಹೋಗಿ ಜಾರಿದ್ಲು. ಊರಿಗೆಲ್ಲಾ ಗೊತ್ತು. ಯಾರೂ ಬಾಯಿ ಬಿಟ್ಟಿಲ್ಲ.

ಆಕಿ ಮಗಳು ಭಾಗ್ಯಾ, ಮಂದಿ ಬಂದಾಗ ಕಲ್ಮೇಶನ ಅಂಗಳ ಸಾರಿಸಾಕ, ಕಸ ಹೊಡಿಯಾಕ ಬರತಿದ್ಲು. ಬಾವಿ ಹತ್ರ ಸಪ್ಪಳ ಕೇಳಿದ ದಿನಾನ, ಸಂಜಿಗೆ ಇಂವ ಕತಿ ಹೇಳಬೇಕಾದ್ರ ಎಂಜಲ ಎಲಿ ತಗ್ಯಾಕ ಹತ್ತಿದ್ಲು. ಎಲಿ ಕೈಯಾಗ ಹಿಡಕೊಂಡು ನಿಂತು ಪೂರಾ ಕೇಳಿದ್ಲು. ಎಲಿ ಚೆಲ್ಲಿ, ಕೈ ತೊಳಕೊಂಡು ಹೋದ್ಲು. ಕಲ್ಮೇಶ ಅದನ್ನ ನೋಡಿದ್ದ. ನೋಡಿನೂ ಕತಿ ಮುಗಿಸಿದ್ದ.

ಹಾಂ... ಬಾವಿ ಕಡೆ ಬರೂನು.

ಹತ್ತು ಹೆಜ್ಜಿ ದೂರ ಒಬ್ಬ ಹೆಣ್ಣಮಗಳು ನಿಂತಿದ್ಲು. ತಲಿ ಮ್ಯಾಲೆ ಸೆರಗು. ಮಾರಿ ಕಾಣಲಿಲ್ಲ.

"ಭಾಗ್ಯಾ... ನೀನೇನ?"

ಸಣ್ಣ ದನಿ ಬಂತು. "ಒಂದ್ ಕೊಡ ಹಾಕ್ರಿ ಯಪ್ಪಾ. ಸಂಜಿಂದ ನಿಂತೇನಿ."

ಓಡಬೇಕು ಅಂದ್ಕೊಂಡ. ಕಾಲು ಬಾವಿ ಕಡೆನ ಹೋದ್ವು. ಹಗ್ಗ ಬಿಟ್ಟ. ಗಡಗಡಿ ಕಿರ್ರ್... ಕಿರ್ರ್... ಅಂತು. ಬಕೀಟು ನೀರಿಗೆ ಬಿತ್ತು, ದುಡುಮ್. ಸೇದಿ ತಂದು ಕೊಡಕ್ಕ ಹಾಕಿದ. ಗುಳುಗುಳು ಅಂತ ಒಳಗ ಹೋತು. ಕೊಡ ತುಂಬಲಿಲ್ಲ. ಇನ್ನೊಂದು ಹಾಕಿದ. ಮತ್ತೊಂದು... ಹತ್ತಾದ್ವು. ಕೊಡ ಸೋರತಿದ್ದಿಲ್ಲ, ಕೆಳಗ ಮಣ್ಣು ಒಣಗೇ ಇತ್ತು.

"ನಾ ಯಾರ ಸಂಬಂಧ ಬಿದ್ದೆ ಅಂತ ಹೇಳಿದ್ರಿ?"

ಕಲ್ಮೇಶ ತಲಿ ಎತ್ತಲಿಲ್ಲ. ಹಗ್ಗ ಜಗ್ಗಕೋತನ ಅಂದ, "ನೀರಿನ ಸಂಬಂಧ, ಯವ್ವಾ."

"ಹಂಗ ಹೇಳ್ರಿ ಮತ್ತ."

ಅಷ್ಟ. ಇಂವ ಸೇದೋದು ಬಿಡಲಿಲ್ಲ. ಕೋಳಿ ಕೂಗಿದಾಗ ನೋಡಿದ್ರ ಅಲ್ಲಿ ಯಾರೂ ಇದ್ದಿಲ್ಲ.

ಮನಿಗೆ ಬಂದು ಅವ್ವನ ಮುಂದ ಎಲ್ಲಾ ಹೇಳಿದ. ನಾನೂ ಅಲ್ಲಿದ್ದೆ. ರಾಚವ್ವ ಚಿಗವ್ವ ಸೆರಗು ಮಾರಿಗೆ ಹಿಡಕೊಂಡು ಕುಂತ್ಲು. "ಅವತ್ತ ನನಗ ಕೈ ಸೋತಿದ್ದಿಲ್ಲಪಾ. ಇನ್ನೊಂದ್ ಕೊಡ ಸೇದಬಹುದಿತ್ತು" ಅಂದ್ಲು. ಆಮ್ಯಾಲ ಎದ್ದು ಕೇರಿ ಕಡೆ ಹೊಂಟ್ಲು. ಹುಟ್ಟಿ ಒಮ್ಮೆನೂ ಆ ಕಡೆ ಕಾಲಿಟ್ಟಾಕಿ ಅಲ್ಲ. ನಾವಿಬ್ಬರೂ ಹಿಂದ ಹೋದ್ವಿ.

ಭಾಗ್ಯಾ ಬಾಗಲದಾಗ ನಿಂತಿದ್ಲು. "ತಪ್ಪಾತು" ಅಂದ ಕಲ್ಮೇಶ. "ನಿಮ್ಮವ್ವನ ಹೆಸರ ಕೆಡಿಸಿದೆ."

"ನನ್ನ ಮುಂದ ಅಂದ್ರ ಏನಾತ್ರಿ? ಕೇಳಿದವರೆಲ್ಲಾ ತಮ್ಮೂರಿಗೆ ಹೋಗಿ ಅದನ್ನ ಹೇಳತಾರಲ್ಲ."

ಕಲ್ಮೇಶ ಆಮ್ಯಾಲ, ಆ ಕತಿ ಕೇಳಿ ಹೋದವರ ವಿಳಾಸ ಹುಡುಕಿ ಒಬ್ಬೊಬ್ಬರಿಗೂ ಕಾಗದ ಬರದ. ಹೊಸಾ ಮಂದಿ ಬಂದ್ರ ಹಗಲೊತ್ತಿನ್ಯಾಗ ಬಾವಿ ಹತ್ರ ಕರಕೊಂಡು ಹೋಗಿ ಆದದ್ದು ಆದಂಗ ಹೇಳತಿದ್ದ, ಅವ್ವನ ಹೆಸರ ಸೈತ. ಊರ ಹಿರೇರು ಸಿಟ್ಟಾದ್ರು, ಊರ ಮಾನ ಕಳದಿ ಅಂದ್ರು. ಬರೂ ಮಂದಿನೂ ಸ್ವಲ್ಪ ಕಮ್ಮಿ ಆದ್ರು. ಇಂವ ಬಿಡಲಿಲ್ಲ.

ಒಂದ್ ಮಾತು ಉಳೀತು. ನಾವು ಹೋದ ಮುಂಜಾನಿ, ಕೇರಿಗೆ ನಾಕು ದಿನದಿಂದ ನಳದ ನೀರು ಬಂದಿದ್ದಿಲ್ಲ. ಭಾಗ್ಯಾನ ಮನ್ಯಾಗ ನೋಡಿದ್ರ ಹರವಿ, ಬೋಗಾಣಿ, ಹಿಟ್ಟ ನಾದೋ ಪರಾತ ಸೈತ ಬಾಯಿಮಟ ನೀರು. "ರಾತ್ರಿ ಬಾಗಲಾ ಹಾಕ್ಕೊಂಡ ಮಲಗಿದ್ನಿರಿ, ಯಾರ ತುಂಬಿಸಿದ್ರೋ ಗೊತ್ತಿಲ್ಲ" ಅಂದ್ಲು. ನನಗೊಂದು ತಂಬಿಗಿ ಕೊಟ್ಲು. ದೊಡ್ಡಬಾವಿ ನೀರು ಸ್ವಲ್ಪ ಸವಳ, ಊರಾಗ ಬ್ಯಾರೆ ಎಲ್ಲಿನೂ ಆ ರುಚಿ ಇಲ್ಲ. ಅದ ರುಚಿ ಇತ್ತು. ನೀವು ನಂಬ್ರಿ, ಬಿಡ್ರಿ... ನಾ ಕುಡದೇನಿ.