ಹೆಸ್ಟರಳ ‘ಎ’ ಗುಂಡಿ

ಒದ್ದೆ ಉಣ್ಣೆ, ತಣ್ಣನೆಯ ಕಬ್ಬಿಣ, ಅಪ್ಪನ ಪೈಪಿನ ತಂಬಾಕು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೆಂಪು ಟೆಲಿಫೋನ್ ಪೆಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುತ್ತಿದ್ದ ಆ ವಾಸನೆಯನ್ನು ಟೆಸ್ಸಾ ಮರೆತಿರಲಿಲ್ಲ. ಈಗ ಅದೇ ಪೆಟ್ಟಿಗೆಯ ಪಕ್ಕದ ಬಸ್ ತಂಗುದಾಣದಲ್ಲಿ, ಒಳಗೆ ಹೋಗಲು ಧೈರ್ಯ ಸಾಲದೆ ಕೂತಿದ್ದಳು. ಅಪ್ಪನ ಮಣ್ಣಿಗೂ ಬಾರದ ಮಗಳು ಆರು ವರ್ಷದ ಮೇಲೆ ಯಾರ್ಕ್‌ಷೈರಿನ ಈ ಕಣಿವೆಗೆ ಬಂದಿದ್ದಳು. ಗುಡ್ಡದ ಮೇಲೆ ಅಮ್ಮನ ಮನೆ. ಬರಲೇ ಎಂದು ಕೇಳದೆ ಬಾಗಿಲು ತಟ್ಟಲಾರಳು. ಕೇಳೋಣವೆಂದರೆ ಇಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹೊರಗೆ ಮಧ್ಯಾಹ್ನದ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು.

“ಹೊಳೆ ಏರ್ತಿದೆ. ಇಪ್ಪತ್ತು ನಿಮಿಷಕ್ಕೆ ಬಸ್ ವಾಪಸ್ ತಿರುಗಿಸ್ತೀನಿ,” ಎಂದ ಚಾಲಕ ಕ್ಲೈವ್. “ಮಿಸೆಸ್ ಆಲ್ಡರ್ಸನ್, ಅಷ್ಟರೊಳಗೆ ನಿಮ್ಮ ದೆವ್ವದ ಕತೆ ಮುಗಿಸಿ. ಅದು ಹೊತ್ತಿಗೆ ಸರಿಯಾಗಿ ಬರತ್ತಂತಲ್ಲ.”

“ನಿನ್ನ ಬಸ್ಸಿಗಿಂತ ಸರಿಯಾಗಿ ಯಾವುದು ಬರಲ್ಲ ಹೇಳು?” ಎಂದಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮ್ಯೂರಿಯಲ್ ಆಲ್ಡರ್ಸನ್. ಎಂಬತ್ತೆಂಟರ ಮುದುಕಿ. ಟೆಸ್ಸಾಳ ಕಣ್ಣು ಪದೇ ಪದೇ ಎತ್ತ ಹೋಗುತ್ತಿದೆಯೆಂದು ಅವಳು ಆಗಲೇ ಗಮನಿಸಿದ್ದಳು.

“ಕೇಳು ಹುಡುಗಿ... ಆಗ ಆ ಪೆಟ್ಟಿಗೇಲಿ ಎರಡು ಗುಂಡಿ ಇದ್ವು, ಎ ಮತ್ತೆ ಬಿ. ಕಾಸು ಹಾಕಿ ನಂಬರ್ ತಿರುಗಿಸಿದ್ರೆ ಆ ಕಡೆಯವರ ಮಾತು ನಿನಗೆ ಕೇಳ್ತಿತ್ತು, ನಿನ್ನ ಮಾತು ಅವರಿಗೆ ಕೇಳ್ತಿರ್ಲಿಲ್ಲ... ‘ಎ’ ಒತ್ತೋವರೆಗೂ. ಬಾಯಿ ಬಿಡದವರಿಗೆ ನಮ್ಮೂರಲ್ಲಿ ಈಗ್ಲೂ ‘ಎ ಒತ್ತಪ್ಪಾ’ ಅಂತೀವಲ್ಲ, ಅದಕ್ಕೇ. ಎದುರುಗಡೆ ಅಂಚೆ ಕಚೇರಿ ಹೆಸ್ಟರಳದು. ಯಾವಾಗ್ಲೂ ಹಿಟ್ಟು ನಾದೋ ಕೈ. ಅವಳ ಮಗ ಹಡಗಿಗೆ ಹೊರಟೋನು ಪೇಟೆ ಸ್ಟೇಷನ್ನಿನ ಇಂಥದೇ ಪೆಟ್ಟಿಗೆಯಿಂದ ಫೋನ್ ಮಾಡ್ದ. ಇವಳು ‘ಹಲೋ, ಯಾರು, ಯಾರದು’ ಅಂದ್ಲು... ಉತ್ತರ ಇಲ್ಲ, ಇಟ್ಬಿಟ್ಲು. ಆಮೇಲೆ ಒಂದು ಕಾರ್ಡು ಬಂತು. ‘ಗುಂಡಿ ಒತ್ತೋದು ಮರೆತೆ ಅಮ್ಮಾ, ನಿನ್ನ ದನಿ ಕೇಳ್ತು, ಸಾಕು.’ ಹಡಗು ಮಾತ್ರ ವಾಪಸ್ ಬರ್ಲಿಲ್ಲ...

“ಅವತ್ತಿಂದ ಯಾರು ಆ ಪೆಟ್ಟಿಗೆಗೆ ಹೋದ್ರೂ ರಸ್ತೆ ದಾಟಿ ಓಡಿಬಂದು ಗಾಜು ತಟ್ಟೋಳು. ‘ಎ ಒತ್ತು, ಎ ಒತ್ತು.’ ನಾವು ನಗ್ತಿದ್ವಿ. ಅವಳು ಸತ್ತ ಮುಂದಿನ ವರ್ಷ, ಅರವತ್ಮೂರರ ಆ ದೊಡ್ಡ ಹಿಮದಲ್ಲಿ, ನನ್ನ ಕೂಸಿಗೆ ಉಸಿರು ಸಿಕ್ಕಿಕೊಳ್ತು. ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ‘ಯಾರು? ಇಡ್ತೀನಿ’ ಅಂತಿದಾರೆ, ನನ್ನ ಬೆರಳು ಮರಗಟ್ಟಿ ಹೋಗಿದೆ... ಯಾರು ಒತ್ತಿದ್ರು ಹೇಳು? ಟಕ್ ಅಂತ ಗುಂಡಿ ತಾನಾಗೇ ಒಳಗೆ ಹೋಯ್ತು. ಅದರ ಮೇಲೆ ಹಿಟ್ಟಿನ ಹೆಬ್ಬೆರಳ ಗುರುತು. ಆ ಕೂಸಿಗೆ ಈಗ ಮೊಮ್ಮಕ್ಕಳು.”

ಕ್ಲೈವ್ ಬಸ್ಸಿನ ಎಂಜಿನ್ ಶುರುಮಾಡಿದ. ಟೆಸ್ಸಾ ಎದ್ದಳು. ಬಸ್ಸಿನತ್ತ ಎರಡು ಹೆಜ್ಜೆ ಇಟ್ಟವಳು ತಿರುಗಿ ಪೆಟ್ಟಿಗೆಯೊಳಗೆ ಹೋದಳು. ಅದೇ ವಾಸನೆ. ಕಾಸು ಹಾಕಿದಳು; ಅಮ್ಮನ ನಂಬರು ಬೆರಳಿಗೆ ನೆನಪಿತ್ತು.

“ಹಲೋ? ಯಾರದು?”

ಟೆಸ್ಸಾ ರಿಸೀವರನ್ನು ಕಿವಿಗೊತ್ತಿಕೊಂಡಳು. ತುಟಿ ಅಲುಗಿದರೂ ದನಿಯಿಲ್ಲ.

“ಯಾರೂ ಇಲ್ಲ ಅಂತ ಕಾಣತ್ತೆ. ಇಡ್ತೀನಿ.”

ಟಕ್.

“ಅಮ್ಮಾ, ನಾನು.” ತನ್ನದೇ ದನಿ ಅವಳಿಗೆ ಕೇಳಿಸಿತು. “ಕೆಳಗೆ ಬಸ್ ಸ್ಟಾಪಲ್ಲಿದೀನಿ. ಬರ್ಲಾ?”

ಆ ಕಡೆ ಕುರ್ಚಿ ಸರಿದ ಸದ್ದು.

“ಚಹಾಕ್ಕೆ ಕೆಟಲ್ ಇಡ್ತೀನಿ,” ಎಂದಳು ಅಮ್ಮ. “ಬೂಟು ಒದ್ದೆಯಾಗಿರತ್ತೆ. ಹಿಂಬಾಗಿಲಿಂದ ಬಾ.”

ಟೆಸ್ಸಾ ಹೊರಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮ್ಯೂರಿಯಲ್ ಕಪ್ಪು ಕೈಗವುಸು ತೊಟ್ಟು ಕೂತಲ್ಲೇ ಕೂತಿದ್ದಳು.

“ಅದರಲ್ಲಿ ಏನೋ ಟಕ್ ಅಂತು, ಮಿಸೆಸ್ ಆಲ್ಡರ್ಸನ್. ಗುಂಡಿ ಥರ.”

“ಗುಂಡಿ ಎಲ್ಲಿದೆ ಹುಡುಗಿ? ಕಿತ್ತು ಐವತ್ತು ವರ್ಷ ಆಯ್ತು.” ಮುದುಕಿ ಅವಳ ಭುಜದತ್ತ ನೋಡಿದಳು. “ಕೋಟು ಒರೆಸ್ಕೋಬೇಡ. ಹಾಗೇ ಇರ್ಲಿ.”

ಟೆಸ್ಸಾ ತಿರುಗಿ ನೋಡಿಕೊಂಡಳು. ಒದ್ದೆ ಭುಜದ ಮೇಲೆ, ತಟ್ಟಿ ಹೋದಂತೆ, ಹಿಟ್ಟಿನ ಬೆಳ್ಳನೆಯ ಹೆಬ್ಬೆರಳ ಗುರುತು.

ಮ್ಯೂರಿಯಲ್ ಬುಟ್ಟಿಯಿಂದ ಬಟ್ಟೆಯಲ್ಲಿ ಸುತ್ತಿದ, ಇನ್ನೂ ಬೆಚ್ಚಗಿದ್ದ ಮಾಂಸದ ಕಡುಬು ತೆಗೆದು ಅವಳ ಎರಡೂ ಕೈಗಳಲ್ಲಿ ಇಟ್ಟಳು. ಇಬ್ಬರಿಗಾಗುವಷ್ಟಿತ್ತು.