ದಂಡಪಿಂಡಗಳನ್ನು ಕಿತ್ತವನು

ಕಣ್ಣಾಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅವರ ಅಪ್ಪ ಒಳಗೆ ಡಾಕ್ಟರ ಹತ್ತಿರ ಇದ್ದರು.

"ಲ್ಯಾಪ್‌ಟಾಪ್ ನಡೆಸೋ ಲಿನಕ್ಸ್ ಹಗುರವಾಗಿರ್ಬೇಕು ಅಕ್ಕ. ಅಪ್ಪಂದ್ರಲ್ಲಿ ಪರದೆ ತುಂಬ ಕುಣಿಯೋ ಕಿಟಕಿ, ಅದಕ್ಕೊಂದು ನೆರಳು, ಮೂಲೇಲಿ ಹವಾಮಾನ. ಎಲ್ಲಾ ದಂಡಪಿಂಡ! ಕಿತ್ತು ಬಿಸಾಕ್ದೆ. ಈಗ ಹನ್ನೆರಡೇ ಸೆಕೆಂಡಿಗೆ ಶುರುವಾಗುತ್ತೆ."

"ಶುರುವಾಗಿ ಏನು ಮಾಡುತ್ತೆ?"

"ಅಂದ್ರೆ?"

"ಪರದೆ ಮೇಲಿರೋದನ್ನ ಓದಿ ಹೇಳ್ತಿತ್ತಲ್ಲ, ಆ ದನಿ ಎಲ್ಲಿ?"

"ಅದಾ? ಸುಮ್ನೆ ಮೆಮೊರಿ ತಿಂತಿತ್ತು. ಯಾರೂ ಬಳಸಲ್ಲ ಅನ್ಕೊಂಡೆ."

"ಅನ್ಕೊಂಡ ಮಹಾಪಂಡಿತ! ಒಂದು ವರ್ಷದಿಂದ ಅಪ್ಪ ಪೇಪರ್ ಓದ್ತಿಲ್ಲ ಕಣೋ, ಕೇಳ್ತಿದಾರೆ. ಸ್ಪೀಕರ್ ಕೆಟ್ಟಿದೆ ಅಂತ ಮೊನ್ನೆ ಇಡೀ ದಿನ ವೈರ್ ತಡವಿದ್ರು."

"ನಂಗೆ ಫೋನ್ ಮಾಡ್ಬಾರ್ದಿತ್ತಾ?"

"ಅವನು ಕಷ್ಟಪಟ್ಟು ಮಾಡಿದಾನೆ, ಹೇಳಬೇಡ ಅಂತ ಅಪ್ಪನೇ ಅಂದ್ರು. ಮನೆಗೆ ಬಂದೋನು ಅರ್ಧ ದಿನ ಲ್ಯಾಪ್‌ಟಾಪ್ ಮುಖ ನೋಡ್ದೆ. ಅಪ್ಪನ ಮುಖ ನೋಡಿದ್ಯಾ?"

ತಮ್ಮ ಡಾಕ್ಟರ ಕೋಣೆಯ ಬಾಗಿಲತ್ತ ನೋಡಿದ.

"ಸಾಯಂಕಾಲ ಬಂದು ವಾಪಸ್ ಹಾಕ್ಕೊಡ್ತೀನಿ."

"ನಿನ್ನ ಉಪಕಾರ ಸಾಕು. ಅವರಿವರನ್ನ ಕೇಳಿ ನಾನೇ ಹಾಕ್ದೆ. ಈಗ ಇಪ್ಪತ್ತು ಸೆಕೆಂಡ್ ಬೇಕು. ಅಪ್ಪಂಗೇನೂ ರೈಲು ತಪ್ಪಲ್ಲ."

ಬಾಗಿಲು ತೆರೆಯಿತು. ಗೋಡೆ ಹಿಡಿದು ಹೊರಬಂದ ಅಪ್ಪನ ತೋಳನ್ನು ತಮ್ಮ ಎದ್ದು ಹೋಗಿ ಹಿಡಿದ.

"ಯಾರು?"

"ನಾನಪ್ಪ."

"ನೀನೂ ಬಂದ್ಯಾ! ಲ್ಯಾಪ್‌ಟಾಪ್ ಬಲು ಚುರುಕಾಗಿದೆ ಕಣೋ."

ಅಕ್ಕ ಮೂಗಿನಲ್ಲೇ ನಕ್ಕಳು. ತಲೆ ತಗ್ಗಿಸಿದ ತಮ್ಮನೇ ಅಪ್ಪನನ್ನು ಮೆಲ್ಲಗೆ ನಡೆಸಿಕೊಂಡು ಹೋಗುವುದನ್ನು ದರ್ಜಿ ಹೆಂಗಸು ನೋಡುತ್ತ ಕುಳಿತಳು.